ಆಗಸ್ಟಸ್ ಪಾಬ್ಲೊ ಧ್ವನಿಮುದ್ರಿಕೆಗಳ ಮಾರಾಟದಲ್ಲಿ ಬದಲಾವಣೆ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ ಹಾಗೂ ಸದಸ್ಯ ಬಂಧುಗಳೇ,

ಸವಿನಯ ನಮಸ್ಕಾರಗಳು.

ಜಮೈಕಾದ ರೆಗೆ ಸಂಗೀತಗಾರ ದಿವಂಗತ ಆಗಸ್ಟಸ್ ಪಾಬ್ಲೊ ಅವರ ಸಂಗೀತವನ್ನು ನಮ್ಮ ಸಹಕಾರಿಯ ಮೂಲಕ ತರಿಸಿಕೊಳ್ಳುವವರಿಗೆ ಇದುವರೆಗೆ ನಾವು ಹೆಚ್ಚಾಗಿ ಕಳುಹಿಸುತ್ತಿದ್ದುದು ಅವರ ಬೇರೆ ಬೇರೆ ಆಲ್ಬಂಗಳಿಂದ ಆಯ್ದು ಜೋಡಿಸಿದ ಒಂದು ಸಂಕಲನವನ್ನು. ಮುಂದಿನ ಕಂತಿನಿಂದ ಆ ಸಂಕಲನದ ಮಾರಾಟವನ್ನು ನಿಲ್ಲಿಸಿ, 1970ರ ದಶಕದ ಅವರ ಆಲ್ಬಂಗಳನ್ನು ಇಡಿಯಾಗಿ, ಹಕ್ಕುದಾರರ ಅನುಮತಿ ಪಡೆದ ಮರುಮುದ್ರಣಗಳಲ್ಲಿ ಮಾತ್ರ ಒದಗಿಸಲು ನಿರ್ಧರಿಸಿದ್ದೇವೆ. ಇದರಿಂದ ಬೆಲೆ ಏರುತ್ತದೆ, ಧ್ವನಿಮುದ್ರಿಕೆಯ ತಟ್ಟೆ ತಮ್ಮ ಕೈಸೇರುವುದೂ ತಡವಾಗುತ್ತದೆ. ಆದ್ದರಿಂದ ಕಾರಣವನ್ನು ವಿವರವಾಗಿ ತಿಳಿಸುವುದು ನಮ್ಮ ಕರ್ತವ್ಯ.

ಕಳೆದ ಮಳೆಗಾಲದಲ್ಲಿ ಹೊಸದಾಗಿ ಸೇರಿದ ಸದಸ್ಯರೊಬ್ಬರು ಸಂಕಲನದ ತಟ್ಟೆಯನ್ನು ಹಿಡಿದು ಕಚೇರಿಗೆ ಬಂದರು. ವಾದ್ಯದ ಸ್ವರ ಉಸಿರು ಕಟ್ಟಿದಂತೆ ಅರ್ಧಕ್ಕೇ ನಿಲ್ಲುತ್ತದೆ ಎಂಬುದು ಅವರ ದೂರು. ಅದೇ ಹಾಡಿನ ಹಳೆಯ ಜಮೈಕಾ ತಟ್ಟೆ ನಮ್ಮಲ್ಲಿತ್ತು. ಎರಡನ್ನೂ ಒಂದೇ ಯಂತ್ರದಲ್ಲಿ, ಒಂದೇ ಮುಳ್ಳಿನಲ್ಲಿ ಒಂದಾದಮೇಲೊಂದು ಹಾಕಿ ಕೇಳಿದೆವು. ಹಳೆಯದರಲ್ಲಿ ಚಿಟಪಟ ಸದ್ದು ಇದ್ದದ್ದು ನಿಜ. ಆದರೆ ಪಾಬ್ಲೊ ನುಡಿಸುವ ಮೆಲೋಡಿಕಾ ಎಂಬ ಊದುವಾದ್ಯದ ಸ್ವರ ಮುಗಿದ ಮೇಲೂ ಅದರ ಮಾರ್ದನಿ ಮೂರು ನಾಲ್ಕು ಸಲ ಮರುಕಳಿಸಿ, ಬೇಸ್ ಗಿಟಾರಿನ ಗುಂಯ್‌ಗುಡುವಿಕೆಯೊಳಗೆ ನಿಧಾನವಾಗಿ ಇಳಿದುಹೋಗುತ್ತಿತ್ತು. ಸಂಕಲನದಲ್ಲಿ ಚಿಟಪಟ ಹೋಗಿತ್ತು. ಅದರ ಜೊತೆಗೆ ಆ ಮಾರ್ದನಿಯ ಬಾಲವೂ ಹೋಗಿತ್ತು. ಸಂಕಲನ ಮಾಡಿದವರು ಯಾವುದೋ ಹಳೆಯ ತಟ್ಟೆಯಿಂದಲೇ ಧ್ವನಿ ತೆಗೆದು, ಗೊರಗೊರ ಕಳೆಯುವ ಭರದಲ್ಲಿ ಸಂಗೀತವನ್ನೂ ಕಳೆದಿದ್ದರು. ಇದನ್ನು ಗಮನಿಸದೆ ನಾವು ತಮಗೆ ಮಾರಿದೆವು. ಅದಕ್ಕಾಗಿ ಕ್ಷಮೆ ಕೇಳುತ್ತೇವೆ.

ಬೇರೆ ಸಂಗೀತದಲ್ಲಾಗಿದ್ದರೆ ಇದನ್ನು ಸಣ್ಣ ಲೋಪ ಎನ್ನಬಹುದಿತ್ತು. ಪಾಬ್ಲೊ ಅವರ ವಿಷಯದಲ್ಲಿ ಹಾಗೆನ್ನಲಾಗದು. ಹೋರೇಸ್ ಸ್ವಾಬಿ ಎಂಬುದು ಅವರ ನಿಜವಾದ ಹೆಸರು. ಬಾಯಿಂದ ಊದುತ್ತ ಬೆರಳಿನಿಂದ ಮನೆಗಳನ್ನು ಒತ್ತಿ ನುಡಿಸುವ, ಹಾರ್ಮೋನಿಯಂನ ಪುಟ್ಟ ತಂಗಿಯಂತಿರುವ ಮೆಲೋಡಿಕಾವನ್ನು ಜನ ಶಾಲಾಮಕ್ಕಳ ವಾದ್ಯವೆಂದು ಬದಿಗಿಟ್ಟಿದ್ದ ಕಾಲದಲ್ಲಿ, ಅದನ್ನೇ ಅವರು ರೆಗೆಯ ಮುಖ್ಯ ಸ್ವರವಾಗಿಸಿದರು. ಅವರ ಧ್ವನಿಮುದ್ರಣಗಳನ್ನು ಡಬ್ ಆಗಿ, ಅಂದರೆ ಮುದ್ರಿತ ಹಾಡನ್ನೇ ಕಳಚಿ ಮರುಜೋಡಿಸಿದ ರೂಪವಾಗಿ, ಮಾರ್ಪಡಿಸಿದವರಲ್ಲಿ ಮುಖ್ಯರು ಕಿಂಗ್‌ಸ್ಟನ್ನಿನ ವಾಟರ್‌ಹೌಸ್ ಬಡಾವಣೆಯಲ್ಲಿ ಸ್ವಂತ ಸ್ಟುಡಿಯೊ ಕಟ್ಟಿದ್ದ ಎಲೆಕ್ಟ್ರಾನಿಕ್ಸ್ ತಂತ್ರಜ್ಞ ಕಿಂಗ್ ಟಬ್ಬಿ. ಹಾಡುವ ದನಿಯನ್ನು ತಟ್ಟನೆ ತೆಗೆದುಬಿಡುವುದು, ಡ್ರಮ್ಮು ಮತ್ತು ಬೇಸನ್ನಷ್ಟೇ ಉಳಿಸುವುದು, ಒಂದು ಸ್ವರವನ್ನು ಮಾರ್ದನಿಯ ಯಂತ್ರಕ್ಕೆ ಕೊಟ್ಟು ತೇಲಿಬಿಡುವುದು ಅವರ ಕೈಚಳಕ. ಜೇಕಬ್ ಮಿಲ್ಲರ್ ಹಾಡಿದ ಒಂದು ಪ್ರೇಮಗೀತೆಯ ತಟ್ಟೆಯ ಹಿಂಬದಿಗೆಂದು ಮಾಡಿದ ಡಬ್‌ನಲ್ಲಿ ಮಿಲ್ಲರ್ ಅವರ ಒಂದೆರಡು ಮಾತು ಕೇಳಿಸಿ ಅಷ್ಟರಲ್ಲೇ ಕರಗಿಹೋಗುತ್ತದೆ. ಆಮೇಲೆ ಕಾರ್ಲ್‌ಟನ್ ಬ್ಯಾರೆಟ್ ಅವರ ಡ್ರಮ್ಮಿನದೇ ರಾಜ್ಯ. ಮಾರ್ದನಿಯನ್ನು ಕತ್ತರಿಸಿದ ಡಬ್ ಎಂದರೆ ಶ್ರುತಿಯಿಲ್ಲದ ಕಛೇರಿಯಿದ್ದಂತೆ ಎಂಬುದು ನಮ್ಮ ಅಭಿಪ್ರಾಯ.

ಇಡೀ ಆಲ್ಬಂ ಏಕೆ ಎಂದು ಕೆಲವರು ಕೇಳಿದ್ದಾರೆ. ಆಯ್ದ ಹಾಡುಗಳು ಹೊಸಬರಿಗೆ ಸುಲಭ ಎಂದು ನಾವೂ ನಂಬಿದ್ದೆವು. ಆದರೆ ಮೆಲೋಡಿಕಾದ ನಿಧಾನಗತಿಗೆ ಕಿವಿ ಒಗ್ಗುವುದಕ್ಕೆ ಒಂದು ಬದಿ ಪೂರ್ತಿ ಬೇಕಾಗುತ್ತದೆ ಎಂಬುದು ಹೊಸ ಸದಸ್ಯರೊಂದಿಗೆ ಕುಳಿತು ಕೇಳಿದಾಗ ಮನವರಿಕೆಯಾಯಿತು. ಆದ್ದರಿಂದ ಮೊದಲು 1977ರ 'ಈಸ್ಟ್ ಆಫ್ ದ ರಿವರ್ ನೈಲ್' ಬರುತ್ತದೆ. ಅದರಲ್ಲಿ ವಾದ್ಯವೇ ಪ್ರಧಾನವಾದ್ದರಿಂದ ಕೇಳುಗರು ದಾರಿ ತಪ್ಪುವುದಿಲ್ಲ. ಅನಂತರ 1976ರ 'ಕಿಂಗ್ ಟಬ್ಬೀಸ್ ಮೀಟ್ಸ್ ರಾಕರ್ಸ್ ಅಪ್‌ಟೌನ್', ಕೊನೆಗೆ 1974ರ 'ದಿಸ್ ಈಸ್ ಆಗಸ್ಟಸ್ ಪಾಬ್ಲೊ'. ಪ್ರತಿ ತಟ್ಟೆಯೊಂದಿಗೆ ವಾದಕರ ಹೆಸರು ಮತ್ತು ಡಬ್ ಮಾಡುವ ಬಗೆಯನ್ನು ತಿಳಿಸುವ ಕನ್ನಡ ಕೈಪಿಡಿಯೊಂದನ್ನು ಇಡುತ್ತೇವೆ. ಹಳೆಯ ಟೇಪಿನ ಸಣ್ಣ ಸುಯ್ ಸದ್ದು ಈ ತಟ್ಟೆಗಳಲ್ಲಿ ಕೇಳಿಸುತ್ತದೆ. ಅದನ್ನು ದೋಷವೆಂದು ದಯವಿಟ್ಟು ಭಾವಿಸಬೇಡಿ.

ಅನುಮತಿಯ ವಿಷಯವನ್ನು ಬೆಲೆಯ ಜೊತೆಗೇ ಹೇಳಬೇಕು. ಆ ದಿನಗಳ ಜಮೈಕಾದಲ್ಲಿ ವಾದಕರಿಗೆ ಹಾಡಿಗಿಷ್ಟು ಎಂದು ಕೊಟ್ಟು ಲೆಕ್ಕ ಮುಗಿಸುತ್ತಿದ್ದುದೇ ಹೆಚ್ಚು; ತಟ್ಟೆ ಎಷ್ಟು ಸಲ ಮರುಮುದ್ರಣವಾದರೂ ಮತ್ತೆ ಹಣ ಬರುತ್ತಿದ್ದುದು ಅಪರೂಪ. ಪಾಬ್ಲೊ 'ರಾಕರ್ಸ್' ಎಂಬ ಸ್ವಂತ ಧ್ವನಿಮುದ್ರಿಕೆ ಲೇಬಲ್ಲನ್ನೇ (ಪ್ರಕಾಶನ ಸಂಸ್ಥೆಯನ್ನೇ) ನಡೆಸಿದವರು. ನರ ಮತ್ತು ಸ್ನಾಯುಗಳ ಕಾಯಿಲೆಯಿಂದ ಬಳಲಿ 1999ರ ಮೇ 18ರಂದು, ಐವತ್ತೂ ತುಂಬುವ ಮೊದಲೇ ತೀರಿಕೊಂಡರು. ಅವರ ಮಗ ಅಡಿಸ್ ಪಾಬ್ಲೊ ಕೂಡ ಮೆಲೋಡಿಕಾ ವಾದಕರು. ಇಂಥ ಕುಟುಂಬಕ್ಕೆ ಸಲ್ಲಬೇಕಾದುದು ಸಲ್ಲದ ಅಗ್ಗದ ತಟ್ಟೆಯನ್ನು ಮಾರಲು ನಮಗೆ ಮನಸ್ಸಿಲ್ಲ.

ಸಂಕಲನಕ್ಕೆ ಈಗಾಗಲೇ ಮುಂಗಡ ಕಟ್ಟಿರುವವರು ಆ ಹಣವನ್ನು ಮೊದಲ ಆಲ್ಬಂಗೆ ಹೊಂದಿಸಿಕೊಳ್ಳಬಹುದು, ಇಲ್ಲವೇ ಪೂರ್ತಿ ವಾಪಸು ಪಡೆಯಬಹುದು. ಸಂಕಲನವನ್ನು ಈಗಾಗಲೇ ಕೊಂಡಿರುವವರು ರಸೀದಿಯೊಂದಿಗೆ ತಟ್ಟೆಯನ್ನು ಹಿಂದಿರುಗಿಸಿದರೆ ಅಂಚೆ ವೆಚ್ಚವನ್ನೂ ನಾವೇ ಭರಿಸುತ್ತೇವೆ. ಕೊಳ್ಳುವ ಮುನ್ನ ಎರಡನ್ನೂ ಹೋಲಿಸಿ ಕೇಳಬಯಸುವವರಿಗಾಗಿ ಪ್ರತಿ ಶನಿವಾರ ಸಂಜೆ ಕಚೇರಿಯಲ್ಲಿ ಯಂತ್ರವನ್ನು ಸಿದ್ಧವಾಗಿಟ್ಟಿರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಸಹಕಾರಿಯ ಆಡಳಿತ ಮಂಡಳಿಯ ಪರವಾಗಿ)