ಸುಮಾಳ ಮನೆಗೆ ಯಾವ ಗಿಡ?

ಓಸ್ಲೋ
ನವೆಂಬರ್ ನಡುವಾರ

ಪ್ರೀತಿಯ ಅಮ್ಮನಿಗೆ ನಮಸ್ಕಾರ.

ನಾವೆಲ್ಲ ಇಲ್ಲಿ ಕ್ಷೇಮ. ಅಪ್ಪನ ಮಂಡಿ ನೋವು ಈಗ ಹೇಗಿದೆ? ಅಡಿಕೆ ಕೊನೆ ಕೊಯ್ಲು ಶುರುವಾಗಿರಬೇಕು ಅಲ್ವಾ? ಇಲ್ಲಿ ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲಾಗುತ್ತಿದೆ. ಡಿಸೆಂಬರಿನಲ್ಲಿ ಹಗಲು ಆರು ಗಂಟೆಯೂ ಇರುವುದಿಲ್ಲ.

ಮೊನ್ನೆ ಸುಮಾ ಫೋನ್ ಮಾಡಿದ್ದಳು. ಬೆಂಗಳೂರಿನ ಹೊಸ ಫ್ಲ್ಯಾಟಿನೊಳಗೆ ಗಿಡ ಇಡಬೇಕಂತೆ. ಯಾವುದು ಸುಲಭ ಅಂತ ಕೇಳಿದಳು. ಅಷ್ಟರಲ್ಲಿ ಮಗು ಎದ್ದು ಅತ್ತಿತು, ಮಾತು ಅರ್ಧಕ್ಕೇ ನಿಂತಿತು. ಅದಕ್ಕೇ ಉತ್ತರವನ್ನು ನಿನಗೆ ಬರೆಯುತ್ತಿದ್ದೇನೆ. ಅವಳಿಗೆ ಬೇಕಾದ ಗಿಡಗಳಲ್ಲಿ ಮುಕ್ಕಾಲು ಪಾಲು ಸಾಗರದ ನಮ್ಮ ಮನೆಯಲ್ಲೇ ಇವೆ. ನರ್ಸರಿಗೆ ಹೋಗಿ ದುಡ್ಡು ಸುರಿಯುವುದು ಬೇಡ.

ಹೊಸಬರಿಗೆ ಒಳ್ಳೆಯದು ಕೈಯಿಂದ ಕೈಗೆ ದಾಟುವ ಗಿಡ ಅಂತ ನನಗೆ ಗಟ್ಟಿಯಾಗಿ ಅನ್ನಿಸಿದೆ. ಒಂದು ತುಂಡು ಮುರಿದು ಕೊಟ್ಟರೆ, ಇಲ್ಲವೇ ಒಂದು ಮರಿ ಕಿತ್ತು ಕೊಟ್ಟರೆ, ಇನ್ನೊಬ್ಬರ ಮನೆಯಲ್ಲಿ ಅದು ಸುಮ್ನೆ ಬೇರು ಬಿಡಬೇಕು. ಹಾಗೆ ನಾಲ್ಕಾರು ಮನೆ ಸುತ್ತಿದ ಗಿಡ ಎಂಥವರ ಕೈಗೂ ಒಗ್ಗುತ್ತದೆ. ಅಂಗಡಿಯಲ್ಲಿ ಮಿರಮಿರ ಮಿಂಚುವ ಗಿಡ ಹಸಿರುಮನೆಯ ಹದವಾದ ಬೆಳಕಿನಲ್ಲಿ, ಹದವಾದ ತೇವದಲ್ಲಿ ಬೆಳೆದದ್ದು. ಅದನ್ನು ಸೋಫಾ ಪಕ್ಕದ ಮೂಲೆಗೆ ತಂದಿಟ್ಟರೆ ಎಲೆ ಉದುರಿಸಲು ಶುರುಮಾಡುತ್ತದೆ. ಆಗ ಹೊಸಬರು ತಮ್ಮ ಕೈಗುಣವೇ ಸರಿಯಿಲ್ಲ ಅಂದುಕೊಂಡು ಗಿಡದ ಆಸೆಯನ್ನೇ ಬಿಟ್ಟುಬಿಡುತ್ತಾರೆ.

ಇಲ್ಲಿ ಓಸ್ಲೋದ ನಮ್ಮ ಅಡುಗೆಮನೆ ಕಿಟಕಿಯಲ್ಲಿ ಪಿಲಿಯಾ ಅಂತ ಒಂದು ಗಿಡ ಇದೆ. ಕೆಳಗಿನ ಮನೆಯ ಅಜ್ಜಿ ಕೊಟ್ಟದ್ದು. ಎಲೆ ದುಂಡಗೆ, ನಾಣ್ಯದಷ್ಟರಿಂದ ಹಿಡಿದು ಅಂಗೈಯಷ್ಟರವರೆಗೆ. ತೊಟ್ಟು ಎಲೆಯ ಅಂಚಿಗೆ ಸೇರುವುದಿಲ್ಲ, ತಾವರೆ ಎಲೆಯ ಹಾಗೆ ಕೆಳಗಡೆ ಹೊಟ್ಟೆಗೆ ಬಂದು ಸೇರುತ್ತದೆ. ಅದು ಸೇರುವ ಜಾಗದಲ್ಲಿ, ಎಲೆಯ ಮೇಲೆ, ಒಂದು ಬಿಳಿ ಚುಕ್ಕೆ. ಎಲೆಗಳೆಲ್ಲ ಬೆಳಕಿನ ಕಡೆಗೇ ಮುಖ ತಿರುಗಿಸುತ್ತವೆ, ಹಾಗಾಗಿ ಆಗಾಗ ಕುಂಡವನ್ನು ಸ್ವಲ್ಪ ತಿರುಗಿಸಿ ಇಡಬೇಕು. ಬುಡದಲ್ಲಿ ಮಣ್ಣು ಸೀಳಿಕೊಂಡು ಪುಟ್ಟ ಮರಿಗಳು ಏಳುತ್ತವೆ. ಎರಡು ಬೆರಳಿನಷ್ಟು ಎತ್ತರ ಬಂದ ಮೇಲೆ ಚಾಕುವಿನಲ್ಲಿ ಬೇರು ಸಮೇತ ಬಿಡಿಸಿ ಕೊಟ್ಟರಾಯಿತು.

ಇದರ ಕತೆ ಕೇಳಿದರೆ ನಿನಗೆ ಖುಷಿಯಾಗುತ್ತದೆ. ಇದು ಚೀನಾದ ಯುನ್ನಾನ್ ಗುಡ್ಡಗಾಡಿನ ಗಿಡ. ಜಾರ್ಜ್ ಫಾರೆಸ್ಟ್ ಅನ್ನುವ ಸ್ಕಾಟ್ಲೆಂಡಿನ ಗಿಡ ಸಂಗ್ರಾಹಕ 1906ರಲ್ಲೇ ಅಲ್ಲಿ ಇದನ್ನು ಕಂಡು ಒಣಗಿಸಿ ತಂದಿದ್ದ. ಆದರೆ ಯುರೋಪಿನ ಮನೆಗಳಿಗೆ ಇದು ಬಂದದ್ದು ಅವನಿಂದಲ್ಲ. ಆಗ್ನಾರ್ ಎಸ್ಪೆಗ್ರೆನ್ ಅನ್ನುವ ನಾರ್ವೆಯ ಮಿಷನರಿ ಚೀನಾದಲ್ಲಿದ್ದರು. ಯುದ್ಧದ ಕಾಲದಲ್ಲಿ, 1944ರಲ್ಲಿ, ಸಂಸಾರ ಸಮೇತ ಅಲ್ಲಿಂದ ಹೊರಡಬೇಕಾಯಿತು. ಯುನ್ನಾನಿನಲ್ಲಿ ಸಿಕ್ಕ ಈ ಗಿಡವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಕಲ್ಕತ್ತಾಕ್ಕೆ ಬಂದರು. ಹೌದಮ್ಮ, ನಮ್ಮ ಕಲ್ಕತ್ತಾಕ್ಕೇ! ಅಲ್ಲಿದ್ದು, 1946ರಲ್ಲಿ ನಾರ್ವೆ ಸೇರಿದರು. ಆಮೇಲೆ ಊರೂರು ತಿರುಗುವಾಗ ಗುರುತಿನವರಿಗೆಲ್ಲ ಮರಿ ಹಂಚಿದರು. ಅವರು ಇನ್ನೊಬ್ಬರಿಗೆ, ಇನ್ನೊಬ್ಬರು ಮತ್ತೊಬ್ಬರಿಗೆ. ಅಂಗಡಿಗೆ ಬರುವುದಕ್ಕೆ ಎಷ್ಟೋ ಮೊದಲೇ ಇಲ್ಲಿಯ ಮನೆಮನೆ ಕಿಟಕಿಗಳಲ್ಲಿ ಇದು ಕೂತಿತ್ತು. ದಶಕಗಳ ನಂತರ ಇದು ಯಾವ ಗಿಡ ಅಂತ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಮಾದರಿ ಕಳಿಸಿ ಕೇಳಿದವರಿದ್ದಾರೆ. ಅಜ್ಜಿ ಕೊಟ್ಟ ಮರಿಯ ಅಜ್ಜಿಯ ಅಜ್ಜಿ ನಮ್ಮ ದೇಶದ ಗಾಳಿ ಕುಡಿದು ಬಂದದ್ದು ಅಂತ ನೆನೆದರೆ ನನಗೆ ಈ ಗಿಡದ ಮೇಲೆ ಪ್ರೀತಿ ಜಾಸ್ತಿ.

ಸುಮಾಳಿಗೆ ಪಿಲಿಯಾನೇ ಆಗಬೇಕೆಂದಿಲ್ಲ. ಜಗಲಿಯಲ್ಲಿ ನೀನು ತೂಗು ಹಾಕಿರುವ ಸ್ಪೈಡರ್ ಪ್ಲಾಂಟಿಗೂ ಇದೇ ಗುಣ. ಅದು ದಕ್ಷಿಣ ಆಫ್ರಿಕಾದ ಕಡೆಯದು. ಉದ್ದ ದಂಟಿನ ತುದಿಯಲ್ಲಿ ಜೋತಾಡುವ ಮರಿಗಳ ಬುಡ ನೋಡು, ಗಾಳಿಯಲ್ಲೇ ಬೇರಿನ ಮೊಳಕೆ ಇರುತ್ತದೆ. ಅಂಥದ್ದನ್ನೇ ಆರಿಸು. ಅದರ ಬೇರುಗಳು ದಪ್ಪ, ಒಳಗೆ ನೀರು ಕೂಡಿಟ್ಟುಕೊಂಡಿರುತ್ತವೆ. ಸುಮಾ ನಾಲ್ಕು ದಿನ ಊರಿಗೆ ಬಂದರೂ ಅದಕ್ಕೇನೂ ಆಗುವುದಿಲ್ಲ.

ಇನ್ನು ಮನಿ ಪ್ಲಾಂಟ್. ಅಡಿಕೆ ಮರಕ್ಕೆ ಹಬ್ಬಿದೆಯಲ್ಲ, ಅದೇ ಸಾಕು. ಮರ ಹತ್ತಿದಾಗ ಒಂದು ಅಡಿಗಿಂತ ದೊಡ್ಡ ಎಲೆ ಬಿಟ್ಟು ಹರಿದುಕೊಳ್ಳುವ ಅದೇ ಬಳ್ಳಿ, ಮನೆಯೊಳಗೆ ಜೋತುಬಿದ್ದರೆ ಅಂಗೈಯಗಲದ ಎಲೆಗೇ ನಿಲ್ಲುತ್ತದೆ. ಎಳೆಯ ತುದಿಯನ್ನೇ ಕೊಯ್ದು ಕೊಡು. ತುಂಡಿನಲ್ಲಿ ಗಿಣ್ಣು ಇರಲೇಬೇಕು, ಬೇರು ಬರುವುದು ಅಲ್ಲಿಂದಲೇ. ಗಿಣ್ಣಿಲ್ಲದ ಬರೀ ಎಲೆಯನ್ನು ಬಾಟಲಿಯಲ್ಲಿಟ್ಟು ತಿಂಗಳುಗಟ್ಟಲೆ ಕಾದರೂ ಬಳ್ಳಿ ಹೊರಡುವುದಿಲ್ಲ. ಒಂದು ಮಾತು ಮಾತ್ರ ಅವಳಿಗೆ ಒತ್ತಿ ಹೇಳು. ಮಗು ಈಗ ಅಂಬೆಗಾಲಿಡುತ್ತಿದೆ, ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತದೆ. ಮನಿ ಪ್ಲಾಂಟಿನ ಎಲೆಯಲ್ಲಿ ಕೆಸುವಿನಲ್ಲಿರುವಂಥದ್ದೇ ಸೂಜಿಯಂಥ ಸಣ್ಣ ಹರಳುಗಳಿವೆ. ಅಗಿದರೆ ಬಾಯಿ ಗಂಟಲು ಉರಿದು ಊದಿಕೊಳ್ಳುತ್ತದೆ. ಪೀಸ್ ಲಿಲಿಯೂ ಅದೇ ಕುಟುಂಬದ ಗಿಡ, ಅದರಲ್ಲೂ ಇಂಥ ಹರಳುಗಳಿವೆ. ಇವೆರಡನ್ನೂ ಎತ್ತರದಲ್ಲೇ ಇಡಬೇಕು. ಸ್ಪೈಡರ್ ಪ್ಲಾಂಟಿಗೆ ಆ ಭಯವಿಲ್ಲ.

ಕತ್ತಿಯಂತೆ ನೆಟ್ಟಗೆ ನಿಲ್ಲುವ ಸ್ನೇಕ್ ಪ್ಲಾಂಟಿನ ಎಲೆಯನ್ನು ತುಂಡು ಮಾಡಿ ನೆಟ್ಟರೂ ಚಿಗುರುತ್ತದೆ, ಆದರೆ ತಿಂಗಳುಗಟ್ಟಲೆ ಕಾಯಬೇಕು. ಹಳದಿ ಅಂಚಿನ ಜಾತಿಯಾದರೆ ಎಲೆಯಿಂದ ಬಂದ ಹೊಸ ಗಿಡದಲ್ಲಿ ಆ ಅಂಚು ಇರುವುದಿಲ್ಲ, ಬರೀ ಹಸಿರು. ಅಂಚು ಉಳಿಯಬೇಕಾದರೆ ಬುಡ ಒಡೆದು ಗಡ್ಡೆ ಸಮೇತವೇ ಕೊಡಬೇಕು.

ಅಮ್ಮ, ಗಿಡ ಕೊಡುವಾಗ ನೀರಿನ ಮಾತನ್ನು ನೀನೇ ಹೇಳು, ನಿನ್ನ ಮಾತಾದರೆ ಕೇಳುತ್ತಾಳೆ. ನಮ್ಮ ಮನೆಯಲ್ಲಿ ಬೆಳಿಗ್ಗೆ ಎದ್ದು ತುಳಸಿಗೆ ನೀರು ಹಾಕಿ ಬೆಳೆದವರು ನಾವು. ಬಿಸಿಲು ಗಾಳಿ ಇರುವ ಅಂಗಳದಲ್ಲಿ ಅದು ಸರಿ. ಮನೆಯೊಳಗಿನ ಕುಂಡಕ್ಕೆ ದಿನಾ ಹಾಕಿದರೆ ಗಿಡ ಉಳಿಯುವುದಿಲ್ಲ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣು ಸದಾ ಒದ್ದೆ ಇದ್ದರೆ ಗಾಳಿಯಾಡದೆ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯಲಾರದು, ಆಗ ಎಲೆ ಬಾಡುತ್ತದೆ. ಬಾಡಿದ್ದು ನೋಡಿ ಪಾಪ ಅಂತ ಇನ್ನಷ್ಟು ಹಾಕುತ್ತಾರೆ, ಅಲ್ಲಿಗೆ ಮುಗಿಯಿತು. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ ನೋಡಬೇಕು. ಒಳಗೂ ಒಣಗಿದ್ದರೆ ಮಾತ್ರ ನೀರು. ಹಾಕುವಾಗ ಕೆಳಗಿನ ತೂತಿನಿಂದ ಹೊರಬರುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಬೇಕು. ತೂತಿಲ್ಲದ ಚಂದದ ಪಿಂಗಾಣಿ ಕುಂಡ ಬೇಡವೇ ಬೇಡ. ಇಲ್ಲಿ ಚಳಿಗಾಲದಲ್ಲಿ ಸ್ನೇಕ್ ಪ್ಲಾಂಟಿಗೆ ನಾನು ತಿಂಗಳಿಗೊಮ್ಮೆ ನೀರು ಹಾಕಿದರೆ ಹೆಚ್ಚು.

ಬೆಳಕಿನ ವಿಷಯದಲ್ಲಿ ನಮ್ಮಿಬ್ಬರದು ಉಲ್ಟಾ. ನಾನು ಈಗ ಕುಂಡಗಳನ್ನೆಲ್ಲ ದಕ್ಷಿಣದ ಕಿಟಕಿಗೆ ಒತ್ತಿ ಇಟ್ಟಿದ್ದೇನೆ, ಸಿಕ್ಕ ಬೆಳಕು ಸಿಗಲಿ ಅಂತ. ಕಿಟಕಿ ಕೆಳಗೇ ಹೀಟರ್ ಇರುವುದರಿಂದ ಒಣಗಾಳಿ ಮೇಲೆದ್ದು ಎಲೆಯ ತುದಿ ಕಂದಾಗುತ್ತದೆ, ಅದೊಂದು ಕಾಟ. ಸುಮಾಳ ಬಾಲ್ಕನಿ ಪಶ್ಚಿಮಕ್ಕಿದೆ. ಮಾರ್ಚ್, ಏಪ್ರಿಲ್ ಬಿಸಿಲು ನೇರ ಬಿದ್ದರೆ ಈ ಗಿಡಗಳ ಎಲೆ ಸುಡುತ್ತದೆ. ಹಾಲಿನ ಪೂರ್ವದ ಕಿಟಕಿಯೇ ಅವಕ್ಕೆ ಸರಿ. ಬಾಲ್ಕನಿಗೆ ದೊಡ್ಡಪತ್ರೆ ಇರಲಿ, ಅದಕ್ಕೆ ಬಿಸಿಲು ಬೇಕು. ಮಗುವಿಗೆ ಕೆಮ್ಮಾದಾಗಲೂ ಬೇಕಾಗುತ್ತದೆ, ತಂಬುಳಿಗೂ ಆಗುತ್ತದೆ. ನನಗೂ ಇಲ್ಲಿ ತಮಿಳು ಗೆಳತಿಯೊಬ್ಬಳು ದೊಡ್ಡಪತ್ರೆಯ ಒಂದು ತುಂಡು ಕೊಟ್ಟಿದ್ದಳು. ಬೇಸಿಗೆಯಲ್ಲಿ ಪೊದೆಯಾಗಿತ್ತು. ಈಗ ಬೆಳಕು ಸಾಲದೆ ಉದ್ದುದ್ದ ಎದ್ದಿದೆ.

ಗಿಡ ಇಟ್ಟರೆ ಮನೆಯ ಗಾಳಿ ಶುದ್ಧವಾಗುತ್ತದೆ ಅಂತ ಸುಮಾ ವಾಟ್ಸಾಪ್‌ನಲ್ಲಿ ಓದಿದಳಂತೆ. ಅದರ ಮೂಲ 1989ರಲ್ಲಿ ನಾಸಾ ಮಾಡಿದ ಪ್ರಯೋಗ. ಅದು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗೆ ನಡೆದದ್ದು. ಬಾಗಿಲು ಕಿಟಕಿ ಇರುವ ಮನೆಯಲ್ಲಿ ಕಿಟಕಿ ತೆರೆದರೆ ಆಗುವಷ್ಟು ಕೆಲಸ ನಾಲ್ಕು ಕುಂಡದಿಂದ ಆಗುವುದಿಲ್ಲ. ಹೊಸ ಎಲೆ ಸುರುಳಿ ಬಿಚ್ಚುವುದನ್ನು ನೋಡುವ ಖುಷಿಗೆ ಗಿಡ ಸಾಕಲಿ, ಅಷ್ಟು ಸಾಲದೇ?

ನಾನು ಬರುವಾಗ ಪಿಲಿಯಾ ಮರಿ ತರುವ ಹಾಗಿಲ್ಲ. ಗಿಡ ತರಬೇಕಾದರೆ ಇಲ್ಲಿಯ ರೋಗಮುಕ್ತ ಪ್ರಮಾಣಪತ್ರ ಬೇಕು, ಅಲ್ಲಿಯ ಆಮದು ಪರವಾನಗಿಯೂ ಬೇಕು. ಹಾಗಾಗಿ ಎಲ್ಲ ನಿನ್ನ ಕೈಯಿಂದಲೇ ಆಗಬೇಕು. ಅಪ್ಪ ಬೆಂಗಳೂರಿಗೆ ಹೊರಡುವ ದಿನವೇ ತುಂಡುಗಳನ್ನು ಕೊಯ್ದು, ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಕವರ್ ಕಟ್ಟು. ಎಲೆಗಳು ಹೊರಗಿರಲಿ. ಸ್ನೇಕ್ ಪ್ಲಾಂಟಿನ ಗಡ್ಡೆಗೆ ಒದ್ದೆ ಬೇಡ, ಪೇಪರಿನಲ್ಲಿ ಸುತ್ತಿದರೆ ಸಾಕು. ಬಸ್ಸಿನಲ್ಲಿ ಚೀಲವನ್ನು ಸೀಟಿನ ಕೆಳಗೆ ತುರುಕದೆ ತೊಡೆ ಮೇಲೆ ಇಟ್ಟುಕೊಳ್ಳಲಿ ಅಂತ ಅಪ್ಪನಿಗೆ ಹೇಳು. ತಲುಪಿದ ಮೇಲೆ ಸುಮಾ ಫೋಟೋ ಕಳಿಸಲಿ. ಕುಂಡ ಎಲ್ಲಿಟ್ಟಿದ್ದಾಳೆ ನೋಡಿ ಹೇಳುತ್ತೇನೆ.

ಅಪ್ಪನಿಗೆ ನಮಸ್ಕಾರ ತಿಳಿಸು.

ನಿನ್ನ ಮಗಳು
ವೀಣಾ