ಎಡ್ ಶೀರನ್ ರಾತ್ರೋರಾತ್ರಿ ಬೆಳಗಿದ ತಾರೆಯಲ್ಲ

ಸಂಪಾದಕರಿಗೆ,

ಮಾನ್ಯರೇ,

2025ರ ಫೆಬ್ರುವರಿ 8 ಮತ್ತು 9ರಂದು ಬೆಂಗಳೂರಿನ ನೈಸ್ ಮೈದಾನದಲ್ಲಿ ಬ್ರಿಟಿಷ್ ಗಾಯಕ ಎಡ್ ಶೀರನ್ ಹಾಡಿ ಹೋದ ಮೇಲೆ ಕನ್ನಡದಲ್ಲಿ ಅವರ ಬಗ್ಗೆ ಸಾಕಷ್ಟು ಬರಹ ಬಂದಿದೆ. ಶಿಲ್ಪಾ ರಾವ್ ಜೊತೆ ತೆಲುಗು ಹಾಡು ಹಾಡಿದ್ದು, ಚರ್ಚ್ ಸ್ಟ್ರೀಟ್‌ನಲ್ಲಿ ನಿಂತು ಹಾಡುತ್ತಿದ್ದಾಗ ಪೊಲೀಸರು ಮೈಕಿನ ವೈರ್ ಕಿತ್ತದ್ದು ಎಲ್ಲರ ಮೊಬೈಲಿಗೂ ಬಂತು. ಆದರೆ ಅವರು ಮೇಲೆ ಬಂದ ಬಗೆಯನ್ನು ಹೇಳುವಾಗ ಮಾತ್ರ ‘ಯೂಟ್ಯೂಬ್‌ಗೆ ಹಾಕಿದ ಒಂದು ವಿಡಿಯೊ, ರಾತ್ರೋರಾತ್ರಿ ಪ್ರಸಿದ್ಧಿ’ ಎಂದು ಒಂದೇ ಸಾಲಿನಲ್ಲಿ ಮುಗಿಸುವುದು ರೂಢಿಯಾಗಿದೆ. ಇದು ತಪ್ಪು. ಸ್ವಂತ ಹಾಡು ಕಟ್ಟಬೇಕೆಂದು ಗಿಟಾರ್ ಹಿಡಿಯುವ ನಮ್ಮ ಹುಡುಗ ಹುಡುಗಿಯರು ಈ ಸಾಲನ್ನು ನಂಬಿ, ಎರಡು ವಿಡಿಯೊ ಹಾಕಿ, ಯಾರೂ ನೋಡಲಿಲ್ಲವೆಂದು ಗಿಟಾರನ್ನು ಮೂಲೆಗಿಡುತ್ತಾರೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಶೀರನ್ ಹುಟ್ಟಿದ್ದು 1991ರ ಫೆಬ್ರುವರಿ 17ರಂದು, ಇಂಗ್ಲೆಂಡಿನ ವೆಸ್ಟ್ ಯಾರ್ಕ್‌ಷೈರ್‌ನ ಹ್ಯಾಲಿಫ್ಯಾಕ್ಸ್‌ನಲ್ಲಿ. ಬೆಳೆದದ್ದು ಸಫಕ್ ಸೀಮೆಯ ಫ್ರಾಮ್ಲಿಂಗಮ್ ಎಂಬ ಕೋಟೆಯೂರಿನಲ್ಲಿ. ತಂದೆ ಕಲಾಪ್ರದರ್ಶನಗಳನ್ನು ಏರ್ಪಡಿಸುವವರು, ತಾಯಿ ಆಭರಣ ವಿನ್ಯಾಸಕಿ, ಅಣ್ಣ ಮುಂದೆ ಸ್ವರಸಂಯೋಜಕನಾದವನು. ನಾಲ್ಕನೇ ವಯಸ್ಸಿಗೇ ಚರ್ಚಿನ ಗಾಯನತಂಡ ಸೇರಿದ ಹುಡುಗ. ಮುಖದ ಮೇಲೆ ಕೆಂಪು ಹುಟ್ಟುಮಚ್ಚೆ ಇತ್ತು. ಅದನ್ನು ತೆಗೆಯಲು ಲೇಸರ್ ಚಿಕಿತ್ಸೆ ಕೊಡಿಸುತ್ತಿದ್ದಾಗ ಒಂದು ಸಲ ಮರಗಟ್ಟಿಸುವ ಮುಲಾಮು ಹಚ್ಚದೆ ಮಾಡಿದರೆಂದೂ, ತನಗೆ ಉಗ್ಗು ಅಂಟಿಕೊಂಡದ್ದು ಅಲ್ಲಿಂದಲೇ ಎಂದೂ ಅವರು ಸಾರ್ವಜನಿಕ ಸಭೆಯಲ್ಲಿ ಹೇಳಿದ್ದಾರೆ. ಹತ್ತರ ಆಸುಪಾಸಿನಲ್ಲಿ ಎಮಿನೆಮ್‌ನ ಒಂದು ರ‍್ಯಾಪ್ ಆಲ್ಬಮ್ ಸಿಕ್ಕಿತು. ಆ ವೇಗದ ಸಾಲುಗಳನ್ನು ಅಕ್ಷರ ಬಿಡದೆ ಬಾಯಿಪಾಠ ಮಾಡಿ ಹೇಳುತ್ತ ಹೇಳುತ್ತ ಉಗ್ಗು ಬಿಟ್ಟಿತು. ತಾಳಕ್ಕೆ ಕೂತ ಮಾತಿಗೆ ಉಗ್ಗು ಅಷ್ಟಾಗಿ ತಡೆಯೊಡ್ಡುವುದಿಲ್ಲ. ಮಾತಾಡಲು ಉಗ್ಗುವ ಮಕ್ಕಳು ಹಾಡುವಾಗ ಸಲೀಸಾಗಿ ಹಾಡುವುದನ್ನು ಸಂಗೀತ ಕಲಿಸುವ ಎಲ್ಲರೂ ಬಲ್ಲರು. ಶೀರನ್ ಹಾಡುಗಳಲ್ಲಿ ರಾಗವಾದ ಪಲ್ಲವಿಯ ಪಕ್ಕದಲ್ಲೇ ಪಟಪಟನೆ ಉದುರುವ ಚರಣ ಬರುವುದು ಈ ಅಭ್ಯಾಸದಿಂದ.

2002ರಲ್ಲಿ ಬ್ರಿಟಿಷ್ ರಾಣಿಯ ಸುವರ್ಣ ಮಹೋತ್ಸವದ ಕಾರ್ಯಕ್ರಮದಲ್ಲಿ ಎರಿಕ್ ಕ್ಲ್ಯಾಪ್ಟನ್ ನುಡಿಸಿದ್ದನ್ನು ಟಿ.ವಿ.ಯಲ್ಲಿ ಕಂಡು ಗಿಟಾರ್ ಹಿಡಿದರು. ಅದೇ ಸುಮಾರಿಗೆ ಐರ್ಲೆಂಡಿನಲ್ಲಿ ಡೇಮಿಯನ್ ರೈಸ್ ಎಂಬ ಗಾಯಕನ ಚಿಕ್ಕ ಕಛೇರಿ ನೋಡಿದರು. ಒಬ್ಬನೇ ಮನುಷ್ಯ, ಒಂದು ಗಿಟಾರ್, ಸ್ವಂತ ಹಾಡು. ಶೀರನ್ ಹಿಡಿದ ದಾರಿ ಇದೇ.

ಇನ್ನು ವಿಡಿಯೊ ಎಲ್ಲಿ ಬರುತ್ತದೆ ನೋಡಿ. ‘ದಿ ಆರೆಂಜ್ ರೂಮ್’ ಎಂಬ ಕಿರು ಆಲ್ಬಮ್ 2005ರದು, ಆಗ ವಯಸ್ಸು ಹದಿನಾಲ್ಕು. 2006ರಲ್ಲಿ ಒಂದು, 2007ರಲ್ಲಿ ಇನ್ನೊಂದು, 2009ರಲ್ಲಿ ಮತ್ತೊಂದು. ಯಾವ ದೊಡ್ಡ ಕಂಪನಿಯೂ ಹಿಂದೆ ಇರಲಿಲ್ಲ. ತಾವೇ ಮುದ್ರಿಸಿಕೊಂಡ ಸಿ.ಡಿ.ಗಳನ್ನು ಬೆನ್ನಚೀಲದಲ್ಲಿಟ್ಟು, ಹಾಡಿದ ಮೇಲೆ ಅಲ್ಲೇ ನಿಂತು ಮಾರುತ್ತಿದ್ದರು. ಹದಿನೇಳಕ್ಕೆ, 2008ರಲ್ಲಿ, ಲಂಡನ್ನಿಗೆ ಹೋದರು. ಜೇಮ್ಸ್ ಮಾರಿಸನ್ ಎಂಬ ಗಾಯಕ ವರ್ಷಕ್ಕೆ 200 ಕಛೇರಿ ಮಾಡಿದನೆಂದು ಓದಿ, ಅದನ್ನು ಮೀರಬೇಕೆಂದು ಹೊರಟು 2009ರಲ್ಲಿ 312 ಕಛೇರಿ ಮಾಡಿದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಪಬ್ಬಿನ ಮೂಲೆ, ಮಾತಾಡುತ್ತ ಕುಡಿಯುತ್ತ ಕೂತ ಇಪ್ಪತ್ತು ಜನ, ಕೆಲವೊಮ್ಮೆ ಅದಕ್ಕೂ ಕಡಿಮೆ. ಮಲಗಲು ಗೆಳೆಯರ ಸೋಫಾ. ಅದೂ ಇಲ್ಲದ ರಾತ್ರಿ, ಬಕಿಂಗ್‌ಹ್ಯಾಮ್ ಅರಮನೆಯ ಹತ್ತಿರ ಬಿಸಿಗಾಳಿ ಬರುವ ಕಿಂಡಿಯ ಮೇಲೆ ಮಲಗಿದ್ದೂ ಉಂಟು.

ಎಸ್‌ಬಿಟಿವಿ ಎಂಬ ಯೂಟ್ಯೂಬ್ ವಾಹಿನಿಯಲ್ಲಿ ಆ ಹೆಸರಾಂತ ವಿಡಿಯೊ ಬಂದದ್ದು 2010ರ ಫೆಬ್ರುವರಿಯಲ್ಲಿ. ವಾಹಿನಿ ನಡೆಸುತ್ತಿದ್ದವರು ಜಮಾಲ್ ಎಡ್ವರ್ಡ್ಸ್. ಅದು ರ‍್ಯಾಪ್ ಮತ್ತು ಗ್ರೈಮ್ (ಲಂಡನ್ನಿನಲ್ಲಿ ಹುಟ್ಟಿದ ವೇಗದ ರ‍್ಯಾಪ್ ಬಗೆ) ಹಾಡುವವರ ತಾಣ. ಅಲ್ಲಿ ಗಿಟಾರ್ ಹಿಡಿದ ಕೆಂಚುಗೂದಲ ಹುಡುಗ ನಿಂತದ್ದೇ ಸೋಜಿಗ. ಗಮನಿಸಬೇಕಾದ ಮಾತೆಂದರೆ, ಆ ಹೊತ್ತಿಗೆ ಅವರು ವಿಡಿಯೊದಲ್ಲಿನ ಹಾಡನ್ನು ಎಷ್ಟೋ ವೇದಿಕೆಗಳಲ್ಲಿ ಹಾಡಿ ಪಳಗಿದ್ದರು. ಕ್ಯಾಮೆರಾದ ಮುಂದೆ ಒಂದೇ ಏಟಿಗೆ ಹಾಡಿ ಮುಗಿಸುವ ಗಟ್ಟಿತನ ಪಬ್ಬುಗಳಲ್ಲಿ ಬಂದದ್ದು. ವಿಡಿಯೊ ನೋಡಿದವರಿಗೆ ಕೇಳಲು ಬೇರೆ ಹಾಡುಗಳೂ ಸಿದ್ಧವಿದ್ದವು. ನಮ್ಮಲ್ಲಿ ಹೆಚ್ಚಾಗಿ ಎಡವುವುದು ಇಲ್ಲೇ: ಒಂದು ಹಾಡು ಓಡುತ್ತದೆ, ಕೇಳುಗ ಎರಡನೆಯದನ್ನು ಹುಡುಕಿದರೆ ಏನೂ ಇರುವುದಿಲ್ಲ.

ಆ ವರ್ಷವೇ ವೇಲ್ಸ್‌ನಲ್ಲಿ ನೆಲೆಸಿದ ಗಾಯಕಿ ಏಮಿ ವಾಜ್ ಜೊತೆ ಕೂತು ಬರೆದ ಐದು ಹಾಡುಗಳ ಕಿರು ಆಲ್ಬಮ್ ಬಂತು. ಅದನ್ನು ಆಗ ಕೊಂಡವರು ಕಡಿಮೆ. ಆದರೆ 2016ರಲ್ಲಿ ವರ್ಷದ ಹಾಡಿನ ಗ್ರ್ಯಾಮಿ ಪಡೆದ ‘ಥಿಂಕಿಂಗ್ ಔಟ್ ಲೌಡ್’ ಬರೆದದ್ದು ಇದೇ ಇಬ್ಬರು. ಜೊತೆಗಾರರನ್ನು ಬೇಗ ಕಂಡುಕೊಂಡು ಅವರನ್ನು ಬಿಡದಿರುವುದು ಶೀರನ್ನರ ದೊಡ್ಡ ಗುಣ ಎಂದೇ ನಮ್ಮ ಎಣಿಕೆ. 2011ರ ಜನವರಿಯ ಎಂಟು ಹಾಡುಗಳ ಸಂಗ್ರಹದಲ್ಲಿ ವೈಲಿ, ಡೆವ್ಲಿನ್, ಘೆಟ್ಸ್‌ರಂಥ ರ‍್ಯಾಪರ್‌ಗಳ ಜೊತೆ ಹಾಡಿದರು. ಪ್ರಚಾರವೇ ಇಲ್ಲದೆ ಅದು ಐಟ್ಯೂನ್ಸ್ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿತು. ಆಮೇಲೆ ಅಟ್ಲಾಂಟಿಕ್ ಎಂಬ ರೆಕಾರ್ಡ್ ಕಂಪನಿಯ ಅಸೈಲಮ್ ಶಾಖೆ ಅವರೊಡನೆ ಒಪ್ಪಂದ ಮಾಡಿಕೊಂಡಿತು. ಹದಿನಾಲ್ಕನೇ ವಯಸ್ಸಿನಿಂದ ಲೆಕ್ಕ ಹಾಕಿದರೂ ಆರು ವರ್ಷ!

ಈಗ ಲೂಪ್ ಪೆಡಲ್ ವಿಚಾರ. ‘ಹಿಂದೆ ರೆಕಾರ್ಡ್ ಹಾಕಿಕೊಂಡು ಹಾಡಿದರು’ ಎಂದು ಬೆಂಗಳೂರಿನ ಕಾರ್ಯಕ್ರಮ ನೋಡಿದ ಕೆಲವರು ಹೇಳುವುದುಂಟು. ಹಾಗಲ್ಲ. ಲೂಪ್ ಪೆಡಲ್ ಅಂದರೆ ಕಾಲಲ್ಲಿ ಒತ್ತುವ ರೆಕಾರ್ಡರ್. ಒಮ್ಮೆ ಒತ್ತಿದರೆ ಮುದ್ರಣ ಶುರು. ಎರಡನೇ ಸಲ ಒತ್ತಿದ ಕ್ಷಣಕ್ಕೆ ಆ ತುಣುಕು ಮೊದಲಿನಿಂದ ಸುತ್ತತೊಡಗುತ್ತದೆ. ಮತ್ತೆ ಒತ್ತಿದರೆ ಅದರ ಮೇಲೆ ಇನ್ನೊಂದು ಪದರ ಕೂರುತ್ತದೆ. ಎಲ್ಲವೂ ಜನರ ಕಣ್ಣೆದುರೇ ಆಗಬೇಕು, ಹಾಡು ಮುಗಿದ ಮೇಲೆ ಅಳಿಸಬೇಕು, ಮುಂದಿನ ಹಾಡಿಗೆ ಮತ್ತೆ ಸೊನ್ನೆಯಿಂದ ಕಟ್ಟಬೇಕು. ಐರ್ಲೆಂಡಿನ ಗ್ಯಾರಿ ಡನ್ ಎಂಬ ಹಾಡುಗಾರನಿಂದ ಹದಿಹರೆಯದಲ್ಲೇ ಈ ವಿದ್ಯೆ ಶೀರನ್ನರ ಕೈಗೆ, ಅಲ್ಲ, ಕಾಲಿಗೆ ಬಂತು.

ಇದು ಎಷ್ಟು ಬಿಗಿಯಾದ ಲೆಕ್ಕ ಎಂಬುದಕ್ಕೆ ‘ಶೇಪ್ ಆಫ್ ಯೂ’ ತೆಗೆದುಕೊಳ್ಳೋಣ. ಅದರ ಕಾಲಪ್ರಮಾಣ ನಿಮಿಷಕ್ಕೆ 96 ಪೆಟ್ಟು. ಹದಿನಾರು ಪೆಟ್ಟಿನ, ಎಂದರೆ ನಮ್ಮ ಆದಿತಾಳದ ಎರಡು ಆವರ್ತನೆಯಷ್ಟು ಉದ್ದದ ಸುತ್ತು ಕಟ್ಟಿದರೆ ಸರಿಯಾಗಿ 10 ಸೆಕೆಂಡು. ಸುತ್ತು ಮುಚ್ಚುವಾಗ ಪಾದ ಒಂದು ಸೆಕೆಂಡಿನ ಹತ್ತನೇ ಒಂದು ಪಾಲು ತಡವಾಗಿ ಬಿದ್ದರೆ ಸುತ್ತು 10.1 ಸೆಕೆಂಡ್ ಆಗುತ್ತದೆ. ಪ್ರತಿ ಸಲ ಸಮಕ್ಕೆ, ಎಂದರೆ ಸುತ್ತಿನ ಮೊದಲ ಪೆಟ್ಟಿಗೆ, ಬರುವಲ್ಲಿ ಒಂದು ಎಡವು. ನಾಲ್ಕು ನಿಮಿಷದ ಹಾಡಿನಲ್ಲಿ ಅದೇ ಎಡವನ್ನು ಜನ ಇಪ್ಪತ್ತಕ್ಕೂ ಹೆಚ್ಚು ಸಲ ಕೇಳಬೇಕು. ಹೊಸಬರಿಗೆ ಹೀಗಾಗುವುದೇಕೆಂದರೆ, ಕೊನೆಯ ಪೆಟ್ಟು ಮುಗಿದದ್ದು ಕಿವಿಗೆ ಬಿದ್ದ ಮೇಲೆ ಅವರು ಕಾಲು ಎತ್ತುತ್ತಾರೆ. ಒತ್ತುವುದನ್ನೇ ಒಂದು ಪೆಟ್ಟು ಎಂದುಕೊಂಡು, ತಾಳ ಹಾಕುವಾಗ ಕೈ ತೊಡೆಗೆ ಬೀಳುವ ಹಾಗೆ, ಕಾಲು ಸಮದ ಮೇಲೇ ಬೀಳಬೇಕು. ತಾಳದ ಪೆಟ್ಟು ಕೊಡುವ ಮೆಟ್ರೊನೋಮ್ ಹಾಕಿಕೊಂಡು, ಗಿಟಾರ್ ಮುಟ್ಟದೆ, ದಿನಕ್ಕೆ ಹತ್ತು ನಿಮಿಷ ಬರಿ ಕಾಲಿಗೆ ಅಭ್ಯಾಸ ಕೊಟ್ಟರೆ ಕೂರುತ್ತದೆ.

ಪದರಗಳಿಗೂ ಒಂದು ಕ್ರಮವಿದೆ. ಮೊದಲು ಗಿಟಾರಿನ ಹೊಟ್ಟೆಗೆ ಅಂಗೈ ಬುಡದಿಂದ ಬಡಿದ ತಾಳ, ಆಮೇಲೆ ದಪ್ಪ ತಂತಿಗಳನ್ನು ಅಂಗೈಯಿಂದ ಒತ್ತಿ ಹಿಡಿದು ಮೀಟಿದ ಮಂದ್ರದ ಸ್ವರಗಳು, ಅದರ ಮೇಲೆ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗುಚ್ಛ), ಕೊನೆಗೆ ಜೊತೆದನಿ. ತಾಳವಿಲ್ಲದೆ ಕಾರ್ಡ್‌ನಿಂದ ಶುರು ಮಾಡಿದರೆ ಮುಂದಿನ ಪದರಕ್ಕೆ ಹಿಡಿದುಕೊಳ್ಳಲು ಆಧಾರವಿಲ್ಲ. ಎರಡು ಪದರ ಒಂದೇ ಸ್ಥಾಯಿಯಲ್ಲಿ ಬಿದ್ದರೆ ಕಲಸುಮೇಲೋಗರ. ಪ್ರತಿ ಪದರವೂ ಹಿಂದಿನದಕ್ಕೆ ಕೂಡುತ್ತ ಹೋಗುವುದರಿಂದ ಮೊದಲನೆಯದನ್ನೇ ಜೋರಾಗಿ ನುಡಿಸಿದರೆ ಐದನೆಯದಕ್ಕೆ ಸ್ಪೀಕರ್ ಒಡೆದ ದನಿ ಮಾಡುತ್ತದೆ. ಶ್ರುತಿ ಮಾಡುವುದು ಮೊದಲ ಪದರಕ್ಕೆ ಮುಂಚೆಯೇ. ನಡುವೆ ತಂತಿ ಇಳಿದರೆ ಹಳೆಯ ಪದರ ಒಂದು ಶ್ರುತಿ, ಹೊಸದು ಇನ್ನೊಂದು, ನಿಲ್ಲಿಸಿ ಅಳಿಸುವುದು ಬಿಟ್ಟು ಬೇರೆ ದಾರಿಯಿಲ್ಲ. ಇನ್ನು ಜೊತೆದನಿ ಮುದ್ರಿಸುವಾಗ ವೇದಿಕೆಯ ಮೇಲಿನ ಸ್ಪೀಕರಿನ ಸದ್ದು ಮೈಕಿಗೆ ನುಗ್ಗಿ ಅದೂ ಸುತ್ತಿನೊಳಗೆ ಸೇರುತ್ತದೆ. ಸುತ್ತು ಸುತ್ತಿದಂತೆ ಅದು ಬೆಳೆದು ಕೊನೆಗೆ ಕೀ ಎನ್ನುತ್ತದೆ. ಅದಕ್ಕೇ ಪೆಡಲಿಗೆ ಹೋಗುವ ಮೈಕನ್ನು ಆ ಪದರದ ಹೊತ್ತಿಗೆ ಮಾತ್ರ ತೆರೆಯಬೇಕು.

ಪೆಡಲ್ ಹಾಡು ಕಟ್ಟುವ ಬಗೆಯನ್ನೇ ಬದಲಿಸುತ್ತದೆ ಎಂಬುದನ್ನು ಯಾರೂ ಬರೆದದ್ದು ಕಾಣೆವು. ಸುತ್ತುತ್ತಿರುವುದು ಒಂದೇ ತುಣುಕಾದರೆ ಪಲ್ಲವಿಗೂ ಚರಣಕ್ಕೂ ಒಂದೇ ಕಾರ್ಡ್ ಸರಣಿ ಹೊಂದಬೇಕು. ಮೇಲೆ ಹೇಳಿದ ಹಾಡಿನಲ್ಲಿ ಸಿ ಶಾರ್ಪ್ ಮೈನರ್, ಎಫ್ ಶಾರ್ಪ್ ಮೈನರ್, ಎ, ಬಿ ಇವು ನಾಲ್ಕೇ ಕೊನೆಯವರೆಗೂ ತಿರುಗುತ್ತವೆ. ಏರಿಳಿತ ಬರುವುದು ಪದರ ಸೇರಿಸಿ ತೆಗೆಯುವುದರಿಂದ, ಮಾತಿನ ಓಟದಿಂದ. ಚರಣಕ್ಕೆ ಬೇರೆ ಸರಣಿ ಬೇಕೆಂದರೆ ಹಲವು ಟ್ರ್ಯಾಕ್ ಇರುವ ಲೂಪರ್ ಬೇಕು. ಶೀರನ್ ಮೊದಲು ಬಾಸ್ ಕಂಪನಿಯ ಸಣ್ಣ ಪೆಡಲ್ ಬಳಸಿ, ಆಮೇಲೆ ‘ಚ್ಯೂಯಿ’ ಎಂಬ ದೊಡ್ಡದನ್ನು ತಮಗೆಂದೇ ಮಾಡಿಸಿಕೊಂಡದ್ದು ಇದಕ್ಕೇ.

ಗಿಟಾರ್ ಬಗ್ಗೆಯೂ ಒಂದು ಮಾತು. ಮೊದಲ ವರ್ಷಗಳಲ್ಲಿ ಅವರ ಕೈಲಿದ್ದದ್ದು ಮಾರ್ಟಿನ್ ಕಂಪನಿಯ ಚಿಕ್ಕ ‘ಲಿಟಲ್ ಮಾರ್ಟಿನ್’. ತಂತಿಯ ಉದ್ದ 23 ಇಂಚು, ದೊಡ್ಡ ಗಿಟಾರಿನದು 25ಕ್ಕೂ ಮೇಲೆ. ಮುಂದಿನ ಹಲಗೆ ಸ್ಪ್ರೂಸ್ ಮರ. ಬೆನ್ನು, ಪಕ್ಕಗಳು ಒತ್ತಿ ಮಾಡಿದ ಲ್ಯಾಮಿನೇಟ್, ಹವೆಗೆ ಅಷ್ಟಾಗಿ ಉಬ್ಬುವುದೂ ಇಲ್ಲ, ಬಿರುಕು ಬಿಡುವುದೂ ಇಲ್ಲ. ರೈಲು ಬಸ್ಸಿನಲ್ಲಿ ಅಲೆಯುವವನಿಗೆ ಹೇಳಿ ಮಾಡಿಸಿದ್ದು. ಕುಂದೂ ಇದೆ: ತಂತಿಯ ಬಿಗಿ ಕಡಿಮೆಯಾದ್ದರಿಂದ ಬೆರಳನ್ನು ಜೋರಾಗಿ ಒತ್ತಿದರೆ ಸ್ವರ ಏರಿಬಿಡುತ್ತದೆ, ಸಣ್ಣ ಹೊಟ್ಟೆಯಲ್ಲಿ ಮಂದ್ರ ಸಾಲದು. ದುಬಾರಿ ಗಿಟಾರ್ ಕೊಡಿಸಿದರೇ ಮಗು ಕಲಿಯುವುದು ಎಂದುಕೊಂಡ ತಂದೆ ತಾಯಂದಿರಿಗೆ ಇದು ತಿಳಿದಿರಲಿ.

ಮುಂದಿನದು ಎಲ್ಲರಿಗೂ ಗೊತ್ತಿದೆ. ಮನೆಯಿಲ್ಲದವರ ತಂಗುದಾಣದಲ್ಲಿ ಹಾಡಿ ಬಂದು ಬರೆದ ‘ದಿ ಎ ಟೀಮ್’ 2011ರ ಜೂನ್‌ನಲ್ಲಿ ಬಂದು ಬ್ರಿಟನ್ನಿನ ಪಟ್ಟಿಯಲ್ಲಿ ಮೂರನೆಯದಾಯಿತು. ಸೆಪ್ಟೆಂಬರಿನಲ್ಲಿ ಬಂದ ಆಲ್ಬಮ್ ಮೊದಲ ವಾರ 1 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. 2015ರ ಜುಲೈಯಲ್ಲಿ ವೆಂಬ್ಲಿ ಕ್ರೀಡಾಂಗಣದಲ್ಲಿ ಮೂರು ರಾತ್ರಿ, ಗಿಟಾರ್ ಮತ್ತು ಪೆಡಲ್ ಹಿಡಿದು ಒಬ್ಬರೇ ನಿಂತು ಹಾಡಿದರು. ನಮ್ಮ ರಘು ದೀಕ್ಷಿತ್ ಕೂಡ ‘ಅಂತರಾಗ್ನಿ’ ತಂಡ ಕಟ್ಟಿ ವರ್ಷಗಟ್ಟಲೆ ಹಾಡಿದ ಮೇಲೆಯೇ 2008ರಲ್ಲಿ ಮೊದಲ ಆಲ್ಬಮ್ ತಂದದ್ದು.

ಕೊನೆಗೆ ಚರ್ಚ್ ಸ್ಟ್ರೀಟ್. ಅನುಮತಿ ಇರಲಿಲ್ಲ ಎಂದರು ಪೊಲೀಸರು, ಇತ್ತು ಎಂದು ಬರೆದರು ಶೀರನ್. ಆ ಜಗಳ ಇರಲಿ. 2011ರ ಏಪ್ರಿಲ್‌ನಲ್ಲಿ ಲಂಡನ್ನಿನ ಕ್ಯಾಮ್ಡೆನ್‌ನ ‘ಬಾರ್‌ಫ್ಲೈ’ಯಲ್ಲಿ ಅವರು ಪುಕ್ಕಟೆ ಕಛೇರಿ ಇಟ್ಟಾಗ ಸಾವಿರಕ್ಕೂ ಹೆಚ್ಚು ಜನ ಬಂದರು. ಚಿಕ್ಕ ಜಾಗ. ಬಂದವರೆಲ್ಲ ಕೇಳಲೆಂದು ಒಂದೇ ರಾತ್ರಿ ನಾಲ್ಕು ಬಾರಿ ಹಾಡಿದರು, ಅದರಲ್ಲಿ ಒಂದು ಬಾಗಿಲು ಮುಚ್ಚಿದ ಮೇಲೆ ಹೊರಗೆ ಬೀದಿಯಲ್ಲಿ. ಅದೇ ಊರಿನ ಸುರಂಗ ರೈಲು ನಿಲ್ದಾಣಗಳಲ್ಲಿ 2003ರಿಂದ ಹಾಡುಗಾರರಿಗೆ ಪರವಾನಗಿ ಕೊಟ್ಟು, ನಿಲ್ಲಲು ಜಾಗ ಗುರುತು ಮಾಡಿದ್ದಾರೆ. ನಮ್ಮಲ್ಲೂ ಚರ್ಚ್ ಸ್ಟ್ರೀಟ್, ಮಲ್ಲೇಶ್ವರ, ಕೆಲವು ಮೆಟ್ರೊ ನಿಲ್ದಾಣಗಳಲ್ಲಿ ನೆಲದ ಮೇಲೆ ಒಂದು ಗುರುತು, ಹೊತ್ತಿನ ಮಿತಿ, ಬ್ಯಾಟರಿಯಲ್ಲಿ ನಡೆಯುವ ಸಣ್ಣ ಸ್ಪೀಕರಿಗೆ ಮಾತ್ರ ಒಪ್ಪಿಗೆ, ತಿಂಗಳಿಗೊಮ್ಮೆ ಹೊಸಬರ ಆಯ್ಕೆ, ಇಷ್ಟು ಮಾಡಲು ದೊಡ್ಡ ಖರ್ಚಿಲ್ಲ. ಸಂಜೆ ಐದರಿಂದ ಎಂಟು ಸಾಕು. ನಗರಾಡಳಿತ ಮತ್ತು ಪೊಲೀಸ್ ಇಲಾಖೆ ಕೂತು ಇದನ್ನು ಆಗುಮಾಡಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇವೆ.

— ಮೈಸೂರಿನ ಕೆಲವು ಗಿಟಾರ್ ಶಿಕ್ಷಕರು