ಕೇಳದೆ ಹಿಡಿದ ಎರಡು ದಿನದ ಸಂಬಳ

ಮಾನ್ಯ ಸಂಪಾದಕರೇ,

ನನ್ನ ತಂಗಿಯ ಮಗಳು ನಮ್ಮ ಊರಿನ ಹತ್ತಿರದ ಒಂದು ರೆಸಾರ್ಟ್‌ನಲ್ಲಿ ರೂಮು ಕ್ಲೀನ್ ಮಾಡುವ ಕೆಲಸದಲ್ಲಿದ್ದಾಳೆ. ಕಳೆದ ತಿಂಗಳು ಅವಳ ಸಂಬಳದಲ್ಲಿ ಎರಡು ದಿನದ್ದು ಹಿಡಿದರು. ಬಿಸಿನೀರು ಬರಲಿಲ್ಲ ಎಂದು ಗೆಸ್ಟ್ ಒಬ್ಬರು ಒಂದೇ ಸ್ಟಾರ್ ಕೊಟ್ಟು ಬರೆದಿದ್ದರಂತೆ. ಗೀಸರ್ ಕೆಟ್ಟಿದೆ ಎಂದು ಈ ಹುಡುಗಿ ನಾಲ್ಕು ದಿನ ಮೊದಲೇ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಫೋಟೋ ಸಮೇತ ಹಾಕಿದ್ದಳು. ರಿಪೇರಿ ಮಾಡಿಸಬೇಕಾಗಿದ್ದವರು ಮ್ಯಾನೇಜರ್. ತಪ್ಪು ಯಾರದು ಎಂದು ತೀರ್ಮಾನ ಮಾಡಿದವರೂ ಅದೇ ಮ್ಯಾನೇಜರ್! ಅವಳನ್ನು ಒಂದು ಮಾತು ಕೇಳಲಿಲ್ಲ. ಸಂಬಳದ ಮೆಸೇಜ್ ಬಂದಾಗಲೇ ಅವಳಿಗೆ ಗೊತ್ತಾಗಿದ್ದು.

ನನಗೆ ಸಿಟ್ಟು ಬಂತು. ಆಮೇಲೆ ನಾಚಿಕೆಯೂ ಆಯಿತು. ನಾನು 31 ವರ್ಷ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವನು. ಹಣ್ಣು ಕುಯ್ಯುವ ಕಾಲದಲ್ಲಿ, ಸಂಜೆ ತೂಕದ ಹೊತ್ತಿಗೆ, ಮೇಸ್ತ್ರಿ ಚೀಲಕ್ಕೆ ಕೈ ಹಾಕಿ ನೋಡಿ "ಹಸಿರು ಜಾಸ್ತಿ, ಎರಡು ಕಿಲೋ ಕಳೀರಿ" ಎನ್ನುತ್ತಿದ್ದ. ನಾನು ಸುಮ್ನೆ ಕಳೆದು ಬರೆಯುತ್ತಿದ್ದೆ. ಒಮ್ಮೆ ರೊಬಸ್ಟಾ ಕುಯ್ಲಿನ ಕೊನೆಯಲ್ಲಿ ಒಬ್ಬ ಹೆಂಗಸು ಮೇಜಿನ ಎದುರೇ ನಿಂತುಬಿಟ್ಟಳು. "ಗಿಡದಲ್ಲಿ ಇರೋದೆಲ್ಲ ಎಳೆದು ಹಾಕಿ ಅಂದಿದ್ದು ಮೇಸ್ತ್ರಿನೇ ಅಲ್ವಾ ರೈಟ್ರೇ?" ಎಂದಳು. ಬೆಳಿಗ್ಗೆ ಅವನು ಹಾಗೆ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ಆದರೆ ಹಿಂದೆ ಸಾಲು ಉದ್ದ ಇತ್ತು, ಕತ್ತಲಾಗುತ್ತಿತ್ತು. "ಮುಂದಿನವರು ಬನ್ನಿ" ಎಂದೆ. ಆ ಎರಡು ಕಿಲೋ ಇವತ್ತಿಗೂ ನನ್ನ ಲೆಕ್ಕದಲ್ಲಿ ಸರಿಹೋಗಿಲ್ಲ.

ಕಾನೂನು ಇಲ್ಲ ಎಂದಲ್ಲ. ಕೆಲಸಗಾರನಿಗೆ ತನ್ನ ಮಾತು ಹೇಳಲು ಅವಕಾಶ ಕೊಡದೆ ದಂಡ ಹಾಕುವಂತಿಲ್ಲ ಎಂದು 1936ರ ವೇತನ ಪಾವತಿ ಕಾಯ್ದೆಯೇ ಹೇಳಿತ್ತು. ಹಾಕಿದರೂ ಸಂಬಳದ ನೂರಕ್ಕೆ 3 ಮೀರುವಂತಿಲ್ಲ. ಅದನ್ನು ಪುಸ್ತಕದಲ್ಲಿ ಬರೆದಿಡಬೇಕು, ಆ ಹಣ ಕೆಲಸಗಾರರ ಒಳಿತಿಗೇ ಖರ್ಚಾಗಬೇಕು. 2019ರ ವೇತನ ಸಂಹಿತೆಯಲ್ಲೂ ಇದೇ ಇದೆ. ತಿಂಗಳಲ್ಲಿ ಎರಡು ದಿನದ ಸಂಬಳ ಎಂದರೆ ನೂರಕ್ಕೆ 6ಕ್ಕಿಂತ ಜಾಸ್ತಿ. ರೈಟರ್ ಲೆಕ್ಕ, ತಪ್ಪುವುದಿಲ್ಲ.

ತನ್ನದೇ ವಿಷಯಕ್ಕೆ ತಾನೇ ತೀರ್ಮಾನ ಮಾಡುವ ಬಗ್ಗೆ ಒಂದು ಹಳೆಯ ಕೇಸು ಹೇಳಬೇಕು. ಅರಣ್ಯ ಇಲಾಖೆಯದಾದ್ದರಿಂದ ಕೊಡಗಿನವರಿಗೆ ಬೇಗ ಅರ್ಥವಾಗುತ್ತದೆ. ಜಮ್ಮು ಕಾಶ್ಮೀರದಲ್ಲಿ ಭಾರತೀಯ ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆರಿಸಲು ಒಂದು ಮಂಡಳಿ ಕೂತಿತ್ತು. ಅಲ್ಲಿನ ಹಂಗಾಮಿ ಮುಖ್ಯ ಅರಣ್ಯಾಧಿಕಾರಿ ಅದರ ಸದಸ್ಯರು. ಅದೇ ಹುದ್ದೆಗೆ ಅವರೂ ಒಬ್ಬ ಅಭ್ಯರ್ಥಿ! ತಮ್ಮ ಹೆಸರು ಬಂದಾಗ ಅವರು ಕೂರಲಿಲ್ಲ, ಪೈಪೋಟಿಯವರ ಹೆಸರು ಬಂದಾಗ ಕೂತರು. 1969ರಲ್ಲಿ ಸುಪ್ರೀಂ ಕೋರ್ಟ್ ಆ ಆಯ್ಕೆಯನ್ನೇ ರದ್ದು ಮಾಡಿತು. ತೀರ್ಪು ಬರೆದವರು ನಮ್ಮ ಕಾರ್ಕಳ ಕಡೆಯ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ. ಅದು ಸರ್ಕಾರಿ ಹುದ್ದೆಯ ವಿಷಯ, ರೆಸಾರ್ಟಿಗೆ ನೇರವಾಗಿ ಹೊಂದುವುದಿಲ್ಲ, ಗೊತ್ತು. ಆದರೆ ಆ ಅಧಿಕಾರಿ ತಮ್ಮ ಸರದಿ ಬಂದಾಗಲಾದರೂ ಹೊರಗಿದ್ದರು. ನಮ್ಮ ಮ್ಯಾನೇಜರ್ ಅಷ್ಟೂ ಮಾಡಲಿಲ್ಲ.

ಕಾರ್ಮಿಕ ಇಲಾಖೆಯವರಲ್ಲಿ ಒಂದೇ ಕೋರಿಕೆ. ಜಿಲ್ಲೆಯ ರೆಸಾರ್ಟ್‌ಗಳಿಗೆ ಹೋಗಿ, ದಂಡದ ಪುಸ್ತಕ ತೋರಿಸಿ ಎಂದು ಕೇಳಿ. ಹಾಗೇ ತೋಟಗಳಿಗೂ ಬನ್ನಿ, ತೂಕದ ಹೊತ್ತಿಗೆ.

ಮೊನ್ನೆ ಭಾನುವಾರ ಹುಡುಗಿ ಒಂದು ಅರ್ಜಿ ಬರೆದಳು, ಯಾವ ಕಾರಣಕ್ಕೆ ಹಿಡಿದಿರಿ ಎಂದು ಬರಹದಲ್ಲಿ ತಿಳಿಸಿ ಅಂತ. ಪಕ್ಕದಲ್ಲಿ ಕೂತು ತಿದ್ದಿದವನು ನಾನೇ. ಮ್ಯಾನೇಜರ್ ಕೈಯಲ್ಲಿ ತೆಗೆದುಕೊಳ್ಳಲಿಲ್ಲ. ಸ್ಪೀಡ್ ಪೋಸ್ಟ್ ಮಾಡಿದ್ದೇವೆ. ರಸೀದಿ ನನ್ನ ಹತ್ತಿರ ಇದೆ.

– ಒಬ್ಬ ನಿವೃತ್ತ ಎಸ್ಟೇಟ್ ರೈಟರ್, ಸಿದ್ದಾಪುರ, ಕೊಡಗು